ಗೋದಲಿಯೊಳಗಿನ ಸಕ್ಕರೆ

ಮದುವೆ ತಿಂಗಳು ಬಂತೆಂದರೆ ಮದ್ದೂರು, ಮಳವಳ್ಳಿ ಕಡೆಯ ಪಶುವೈದ್ಯರಿಗೆ ಒಂದು ಬಗೆಯ ಫೋನು ತಪ್ಪುವುದಿಲ್ಲ. ಹೊತ್ತು ಮೂಡುವ ಮುಂಚೆಯೇ ಬರುತ್ತದೆ. “ಸಾ, ರಾತ್ರಿಯಿಂದ ಹಸ ಮೆಲುಕೇ ಹಾಕ್ತಿಲ್ಲ. ಹೊಟ್ಟೆ ಉಬ್ಬಿದಂಗದೆ, ನೀರ್‌ನೀರಾಗಿ ಸಗಣಿ ಹಾಕ್ತದೆ.” ಏನು ತಿಂದಿತ್ತು ಎಂದು ಕೇಳಿದರೆ ಮೊದಲ ಉತ್ತರ, ‘ಏನೂ ಇಲ್ಲ, ದಿನಾ ತಿನ್ನೋ ಹುಲ್ಲೇ.’ ಇನ್ನೊಮ್ಮೆ ಕೇಳಿದರೆ ನಿಜ ಹೊರಬೀಳುತ್ತದೆ. ಬೀಗರೂಟ ಮುಗಿದ ಮೇಲೆ ಅನ್ನ ಬಹಳ ಮಿಕ್ಕಿತ್ತು. ಚೆಲ್ಲುವುದು ಯಾಕೆ, ಮೂಕಪ್ರಾಣಿ ತಿಂದುಕೊಳ್ಳಲಿ ಎಂದು ಎರಡು ಬಕೆಟ್ ತುಂಬ ತಂದು ಸುರಿದಿದ್ದರು.

ಅನ್ನದಲ್ಲಿ ವಿಷವಿರಲಿಲ್ಲ. ನೆಂಟರಿಷ್ಟರೆಲ್ಲ ಉಂಡು ಹೋದದ್ದೂ ಅದೇ ಅನ್ನ. ಆದರೂ ಹೊತ್ತಿಗೆ ಆರೇಳು ಲೀಟರ್ ಹಾಲು ಕೊಡುತ್ತಿದ್ದ ಸೀಮೆ ಹಸು ಅದನ್ನು ತಿಂದು ಬೆಳಗಾಗುವಷ್ಟರಲ್ಲಿ ನೆಲ ಹಿಡಿಯುತ್ತದೆ. ಚಿಕಿತ್ಸೆ ತಡವಾದರೆ ಎರಡು ಮೂರು ದಿನಗಳಲ್ಲಿ ಸಾಯುವುದೂ ಉಂಟು. ವರ್ಷವಿಡೀ ಗರಗಸದಂಥ ಒಣಹುಲ್ಲನ್ನು ಅರಗಿಸಿಕೊಂಡ ಹೊಟ್ಟೆ ಮೆತ್ತಗೆ ಬೆಂದ ಅನ್ನಕ್ಕೆ ಸೋಲುತ್ತದೆ ಎಂದರೆ ಆ ಹೊಟ್ಟೆಯ ಲೆಕ್ಕಾಚಾರ ನಮ್ಮದಕ್ಕಿಂತ ಬೇರೆಯೇ ಇರಬೇಕು.

ಆ ಲೆಕ್ಕಾಚಾರವನ್ನು ತಿಳಿಯುವುದಕ್ಕೆ ಮದ್ದೂರಿಗೆ ಹತ್ತಿರದ ವೈದ್ಯನಾಥಪುರಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಶಿಂಷಾ ನದಿಯ ದಡದಲ್ಲಿರುವ ಈ ಊರಿಗೆ ಹೆಸರು ಕೊಟ್ಟವನು ಅಲ್ಲಿನ ಹಳೆಯ ಗುಡಿಯ ವೈದ್ಯನಾಥೇಶ್ವರ, ಅಂದರೆ ವೈದ್ಯರಿಗೆಲ್ಲ ಒಡೆಯನಾದ ಶಿವ. ಈ ಸೀಮೆಯ ಹೊಲಗದ್ದೆಗಳಲ್ಲಿ ಭತ್ತ, ಕಬ್ಬು, ರಾಗಿ, ಮುಸುಕಿನ ಜೋಳ ಎಲ್ಲವೂ ಸಿಗುತ್ತವೆ. ಅಕ್ಕಿ, ಬೆಲ್ಲ, ರಾಗಿಹಿಟ್ಟು ಮನೆಯೊಳಗೆ ಹೋದರೆ ಹುಲ್ಲು, ಸೋಗೆ, ತವುಡು, ಜೋಳದ ಕಡ್ಡಿ ಕೊಟ್ಟಿಗೆಗೆ ಹೋಗುತ್ತವೆ. ರೈತನ ಕಣ್ಣಿಗೆ ಇವೆಲ್ಲ ಬೇರೆ ಬೇರೆ ಮಾಲು. ರಸಾಯನಶಾಸ್ತ್ರ ಓದಿದವರ ಕಣ್ಣಿಗೆ ಇವೆಲ್ಲ ಹೆಚ್ಚುಕಡಿಮೆ ಒಂದೇ: ಬಿಸಿಲನ್ನು ಹಿಡಿದು ಗಿಡ ಕಟ್ಟಿಟ್ಟ ಸಕ್ಕರೆ.

ಶಾಲೆಯ ಪುಸ್ತಕದಲ್ಲಿ ಇದಕ್ಕೆ ಶರ್ಕರಪಿಷ್ಟ ಎಂಬ ಹೆಸರಿದೆ, ಊರಲ್ಲಿ ಕಾರ್ಬೋಹೈಡ್ರೇಟ್ ಎಂದರೂ ಗೊತ್ತಾಗುತ್ತದೆ. ದನ ತಿನ್ನುವ ಮೇವಿನಲ್ಲಿ ನೀರನ್ನು ಬಿಟ್ಟು ಉಳಿದ ತೂಕದ ಸುಮಾರು ಮುಕ್ಕಾಲು ಪಾಲು ಇದೇ. ಕಬ್ಬಿನ ರಸದ ಸಿಹಿ ಅದರ ಸರಳ ರೂಪ. ಅಕ್ಕಿ, ರಾಗಿ, ಜೋಳದ ಕಾಳಿನಲ್ಲಿರುವ ಪಿಷ್ಟ ಎರಡನೆಯದು. ಹುಲ್ಲಿನ ನಾರು ಮೂರನೆಯದು. ಪಿಷ್ಟವೂ ನಾರಿನೊಳಗಿನ ಸೆಲ್ಯುಲೋಸೂ ಗ್ಲೂಕೋಸ್ ಎಂಬ ಒಂದೇ ಮಣಿಯನ್ನು ಸಾಲಾಗಿ ಪೋಣಿಸಿದ ಸರಗಳು. ಮಣಿಗೂ ಮಣಿಗೂ ನಡುವಿನ ಗಂಟಿನ ಬಗೆ ಮಾತ್ರ ಬೇರೆ. ಪಿಷ್ಟದ ಗಂಟನ್ನು ನಮ್ಮ ಜೊಲ್ಲೇ ಬಿಚ್ಚಲು ಶುರುಮಾಡುತ್ತದೆ, ಅದಕ್ಕೇ ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುತ್ತದೆ. ಸೆಲ್ಯುಲೋಸಿನ ಗಂಟನ್ನು ಬಿಚ್ಚುವ ಕಿಣ್ವ ಮನುಷ್ಯನ ದೇಹದಲ್ಲಿಲ್ಲ.

ಅದು ಹಸುವಿನ ದೇಹದಲ್ಲೂ ಇಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿರದ ಮಾತು. ಹಸು ಆ ಕೆಲಸಕ್ಕೆ ಆಳುಗಳನ್ನು ಇಟ್ಟುಕೊಂಡಿದೆ.

ಭಾನುವಾರ ಬೋಟಿ ಗೊಜ್ಜು ಮಾಡುವ ಮನೆಯವರಿಗೆ ಆ ಆಳುಗಳ ಕಾರ್ಖಾನೆಯನ್ನು ವಿವರಿಸಿ ಹೇಳಬೇಕಿಲ್ಲ. ಕುರಿಯ ಬೋಟಿಯಲ್ಲಿ ಟರ್ಕಿ ಟವೆಲ್ಲಿನ ಹಾಗೆ ಎಳೆ ಎಳೆಯಾಗಿರುವ ಒಂದು ಭಾಗವಿರುತ್ತದೆ, ತೊಳೆದಷ್ಟೂ ಮುಗಿಯದ್ದು. ಅದೇ ಮೊದಲ ಹೊಟ್ಟೆ, ರೂಮೆನ್. ಜೇನುಗೂಡಿನಂತೆ ಕಾಣುವುದು ಎರಡನೆಯದು, ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವುದು ಮೂರನೆಯದು, ನಮ್ಮ ಜಠರವನ್ನು ಹೋಲುವುದು ನಾಲ್ಕನೆಯದು. ದೊಡ್ಡ ಹಸುವಿನಲ್ಲಿ ಮೊದಲ ಹೊಟ್ಟೆಯೊಂದರಲ್ಲೇ ಸುಮಾರು ನೂರು ಲೀಟರ್ ಹಿಡಿಯುತ್ತದೆ. ಒಳಗೆ ಗಾಳಿಯಿಲ್ಲ, ಕತ್ತಲು, ಸದಾ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ. ಅಲ್ಲಿನ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳ ಜೊತೆಗೆ ಲಕ್ಷಗಟ್ಟಲೆ ಪ್ರೊಟೊಜೋವಾಗಳು, ಮತ್ತೆ ಹುಲ್ಲಿನ ಗಟ್ಟಿ ಗೋಡೆಗೆ ಬೇರು ಇಳಿಸಿ ಸೀಳುವ ಶಿಲೀಂಧ್ರಗಳು. ಈ ಶಿಲೀಂಧ್ರಗಳನ್ನು ಬಹುಕಾಲ ಬೇರೆ ಜೀವಿಯೆಂದೇ ತಪ್ಪಾಗಿ ಎಣಿಸಲಾಗಿತ್ತು. ಗಾಳಿಯೇ ಇಲ್ಲದೆ ಬದುಕುವ ಶಿಲೀಂಧ್ರವಿದೆ ಎಂದು 1975ರಲ್ಲಿ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಹೇಳಿದಾಗ ನಂಬುವುದೇ ಕಷ್ಟವಾಗಿತ್ತು.

ಹಾಗಾಗಿ ಗೋದಲಿಗೆ ಹಾಕಿದ ಹುಲ್ಲನ್ನು ಹಸು ಅಗಿದು ನುಂಗುತ್ತದೆಯೇ ಹೊರತು, ಅದನ್ನು ನಿಜವಾಗಿ ತಿನ್ನುವವರು ಈ ಸೂಕ್ಷ್ಮಜೀವಿಗಳು. ಅವು ನಾರನ್ನೂ ಪಿಷ್ಟವನ್ನೂ ಹುಳಿಹಿಡಿಸಿ ಹೊರಹಾಕುವ ಆಮ್ಲಗಳೇ ಹಸುವಿನ ಊಟ. ಮುಖ್ಯವಾದವು ಮೂರು: ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್. ಮೊದಲನೆಯದು ಅಡುಗೆಮನೆಯ ವಿನಿಗರ್‌ನಲ್ಲಿ ಇರುವಂಥದ್ದೇ, ಕೊನೆಯದು ಮುಗ್ಗಿದ ಬೆಣ್ಣೆಗೆ ವಾಸನೆ ಕೊಡುವಂಥದ್ದು. ಟವೆಲ್ಲಿನಂಥ ಆ ಎಳೆಗಳ ಮೂಲಕ ಇವು ರಕ್ತ ಸೇರುತ್ತವೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡ 70 ಇವುಗಳಿಂದಲೇ ಬರುತ್ತದೆ. ಹಾಗೆ ನೋಡಿದರೆ ಹಸು ಸಕ್ಕರೆಯಿಂದಲ್ಲ, ಹುಳಿಯಿಂದ ಬದುಕುವ ಪ್ರಾಣಿ. ಅದರ ರಕ್ತದಲ್ಲಿ ಗ್ಲೂಕೋಸ್ ಕೂಡ ಮನುಷ್ಯನಿಗಿಂತ ಕಡಿಮೆಯೇ.

ಮೂರು ಆಮ್ಲಗಳಿಗೂ ಮೂರು ಬೇರೆ ಬೇರೆ ಕೆಲಸ. ಮದ್ದೂರಿನ ರೈತನ ಜೇಬಿಗೆ ನೇರವಾಗಿ ತಗಲುವ ವಿಷಯ ಇಲ್ಲಿಂದ ಶುರುವಾಗುತ್ತದೆ.

ಊರಿನ ಡೈರಿಯಲ್ಲಿ ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಸಾಲು ನಿಲ್ಲುವವರಿಗೆ ಎರಡು ಇಂಗ್ಲಿಷ್ ಪದಗಳು ಮನೆಮಾತಾಗಿವೆ: ಫ್ಯಾಟು, ಎಸ್‌ಎನ್‌ಎಫ್. ಹಾಲು ಗೆಜ್ಜಲಗೆರೆಯಲ್ಲಿರುವ ಮಂಡ್ಯ ಹಾಲು ಒಕ್ಕೂಟದ ಡೈರಿ ಸೇರುವ ಮುಂಚೆ ಊರಿನ ಸಂಘದಲ್ಲೇ ಪರೀಕ್ಷೆಯಾಗುತ್ತದೆ. ಮಾದರಿ ಹಾಲು ಯಂತ್ರಕ್ಕೆ ಹೋಗಿ ಬಂದ ಮೇಲೆ ಚೀಟಿಯಲ್ಲಿ ಕೊಬ್ಬೆಷ್ಟು, ಕೊಬ್ಬನ್ನು ಬಿಟ್ಟ ಘನಾಂಶವೆಷ್ಟು ಎಂದು ಮೂಡುತ್ತದೆ. ದೇಶದ ಆಹಾರ ಮಾನದಂಡದಂತೆ ಹಸುವಿನ ಹಾಲಿನಲ್ಲಿ ಕೊಬ್ಬು ಕನಿಷ್ಠ ಶೇಕಡ 3.2, ಕೊಬ್ಬೇತರ ಘನಾಂಶ ಶೇಕಡ 8.3 ಇರಬೇಕು. ಒಂದೆರಡು ಪಾಯಿಂಟ್ ಇಳಿದರೆ ದುಡ್ಡು ಇಳಿಯುತ್ತದೆ, ಜೊತೆಗೆ ‘ನೀರು ಬೆರೆಸಿದ್ದೀಯಾ?’ ಎಂಬ ನೋಟವನ್ನೂ ಎದುರಿಸಬೇಕಾಗುತ್ತದೆ.

ಆ ಚೀಟಿಯಲ್ಲಿರುವುದು ಹಿಂದಿನ ದಿನಗಳಲ್ಲಿ ಗೋದಲಿಗೆ ಬಿದ್ದ ಶರ್ಕರಪಿಷ್ಟದ ಲೆಕ್ಕ ಎನ್ನಬಹುದು. ನಾರಿನಿಂದ ಹುಟ್ಟುವ ಅಸಿಟಿಕ್ ಆಮ್ಲವೇ ಹಾಲಿನ ಕೊಬ್ಬಿಗೆ ಮುಖ್ಯ ಕಚ್ಚಾವಸ್ತು. ಕಾಳಿನ ಪಿಷ್ಟದಿಂದ ಹೆಚ್ಚಾಗುವ ಪ್ರೊಪಿಯಾನಿಕ್ ಆಮ್ಲ ಪಿತ್ತಜನಕಾಂಗಕ್ಕೆ ಹೋಗಿ ಗ್ಲೂಕೋಸ್ ಆಗುತ್ತದೆ, ಗ್ಲೂಕೋಸ್ ಕೆಚ್ಚಲಿಗೆ ಹೋಗಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯಾಗುತ್ತದೆ. ಲ್ಯಾಕ್ಟೋಸ್ ತನ್ನ ಜೊತೆ ನೀರನ್ನು ಕೆಚ್ಚಲೊಳಗೆ ಎಳೆದುಕೊಳ್ಳುತ್ತದೆ. ಹಾಲಿನಲ್ಲಿ ಅದರ ಪ್ರಮಾಣ ಶೇಕಡ 5ರ ಆಸುಪಾಸಿನಲ್ಲೇ ನಿಲ್ಲುವುದರಿಂದ, ಎಷ್ಟು ಲ್ಯಾಕ್ಟೋಸ್ ತಯಾರಾಯಿತೋ ಅಷ್ಟೇ ಹಾಲು. ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ದಿನಕ್ಕೆ 15 ಲೀಟರ್ ಕೊಡುವ ಹಸು ಪಿತ್ತಜನಕಾಂಗದಲ್ಲಿ ದಿನವೂ ಒಂದು ಕೆಜಿಗೂ ಹೆಚ್ಚು ಗ್ಲೂಕೋಸನ್ನು ಹೊಸದಾಗಿ ಕಟ್ಟಬೇಕು. ಅದೂ ಸಿಹಿಯ ಸುಳಿವೇ ಇಲ್ಲದ ಹುಲ್ಲು ತಿಂದು.

ಹಾಗಾದರೆ ಹಾಲು ಜಾಸ್ತಿಯಾಗಲು ಕಾಳನ್ನೇ ಹೆಚ್ಚು ಹಾಕಿದರಾಯಿತಲ್ಲ? ಬಹಳ ಮಂದಿ ಹಾಗೇ ಮಾಡುತ್ತಾರೆ. ಬೂಸ, ಹಿಂಡಿ, ಜೋಳದ ನುಚ್ಚು ಏರಿಸುತ್ತಾರೆ, ಹುಲ್ಲು ತಾನಾಗಿಯೇ ಕಡಿಮೆಯಾಗುತ್ತದೆ. ವಾರದೊಳಗೆ ಲೀಟರ್ ಏರುತ್ತದೆ, ಫ್ಯಾಟ್ ಬಿದ್ದುಹೋಗುತ್ತದೆ. ಫ್ಯಾಟ್ ಬರುತ್ತಿಲ್ಲ ಎಂದು ಇನ್ನೂ ಒಂದು ಸೇರು ಹಿಂಡಿ ಸುರಿಯುತ್ತಾರೆ. ಅಲ್ಲಿ ಬೇಕಾಗಿದ್ದದ್ದು ಹಿಂಡಿಯಲ್ಲ, ಒಂದು ಹೊರೆ ಒಳ್ಳೆಯ ಹುಲ್ಲು. ಫ್ಯಾಟ್ ಬಿದ್ದಾಗ ಜನ ಪಶು ಆಹಾರದ ಚೀಲವನ್ನು ಬೈಯುವಷ್ಟು ಹುಲ್ಲಿನ ಮೆದೆಯ ಕಡೆ ತಿರುಗಿ ನೋಡುವುದಿಲ್ಲ.

ಹುಲ್ಲಿಗೆ ಇನ್ನೊಂದು ಕೆಲಸವಿದೆ. ಒರಟು ನಾರು ಹೊಟ್ಟೆಯ ಗೋಡೆಗೆ ತಾಗಿದಾಗಲೇ ಮೆಲುಕು ಬರುವುದು. ಹಸು ದಿನದಲ್ಲಿ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಹಾಕುತ್ತ ಹಾಕುತ್ತ ನೂರು ಲೀಟರಿಗೂ ಮೀರಿದ ಜೊಲ್ಲನ್ನು ನುಂಗುತ್ತದೆ, ಆ ಜೊಲ್ಲಿನಲ್ಲಿ ನಮ್ಮ ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟ್ ಇರುತ್ತದೆ. ಒಳಗೆ ಹುಟ್ಟುವ ಹುಳಿಯನ್ನು ಹದದಲ್ಲಿಡುವುದು ಅದೇ. ಮೇವು ಕತ್ತರಿಸುವ ಯಂತ್ರದಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದರೆ ಮೇವು ಪೋಲಾಗುವುದಿಲ್ಲ. ಪುಡಿ ಪುಡಿ ಮಾಡಿದರೆ ಅಗಿಯುವ ಕೆಲಸವೇ ತಪ್ಪಿ, ನಾರಿದ್ದೂ ಇಲ್ಲದಂತಾಗುತ್ತದೆ.

ಈಗ ಮಂಡ್ಯವನ್ನು ಹಸಿರು ಜಿಲ್ಲೆ ಎಂದು ಕರೆಯುವವರಿಗೆ ನೂರು ವರ್ಷದ ಹಿಂದಿನ ಗೋದಲಿಯನ್ನು ಊಹಿಸುವುದು ಕಷ್ಟ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದರ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದದ್ದು 1930ರ ದಶಕದಲ್ಲಿ. ಅದಕ್ಕೆ ಮುಂಚೆ ಕೆರೆ ಬಯಲನ್ನೂ ಹೊಳೆಯಂಚನ್ನೂ ಬಿಟ್ಟರೆ ಮಳೆಯನ್ನು ನಂಬಿದ ರಾಗಿ ಹೊಲ, ಹುರುಳಿ, ಅವರೆ. ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಎತ್ತು. ಅದರ ಗೋದಲಿಗೆ ರಾಗಿ ಹುಲ್ಲು, ಉಳುಮೆಯ ದಿನಗಳಲ್ಲಿ ಮೇಲೊಂದಿಷ್ಟು ಬೇಯಿಸಿದ ಹುರುಳಿ. ಗಾಡಿ ಎಳೆಯುವ ಎತ್ತಿಗೆ ಬೇಕಾದ್ದು ಹಾಲಿನ ಸಕ್ಕರೆಯಲ್ಲ, ಸ್ನಾಯು ಉರಿಸುವ ಇಂಧನ. ನಾರಿನಿಂದ ಬರುವ ಅಸಿಟಿಕ್ ಆಮ್ಲವೇ ಅದಕ್ಕೆ ಬಹುಪಾಲು ಸಾಕು.

ನಾಲೆ ಬಂದ ಮೇಲೆ ಭತ್ತ ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ಕಬ್ಬು ಬಂತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಶ್ರಮ ಆ ಕಾರ್ಖಾನೆಯ ಹಿಂದಿತ್ತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೂ ಆಯಿತು. ಮನುಷ್ಯರ ತಟ್ಟೆ ಬದಲಾದ ಕಥೆಯನ್ನು ಎಲ್ಲರೂ ಬರೆದಿದ್ದಾರೆ, ದನದ ಗೋದಲಿ ಬದಲಾದದ್ದನ್ನು ಬರೆದವರು ಕಡಿಮೆ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ನಾಟಿ ಹಸುವಿನ ಜಾಗಕ್ಕೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ರಾಗಿ ಹುಲ್ಲಿನ ಜಾಗಕ್ಕೆ ಭತ್ತದ ಹುಲ್ಲು, ಕಬ್ಬಿನ ಸೋಗೆ. ಹಸುವಿಗೆ ಬೇಕಾದ ಶಕ್ತಿ ಎಷ್ಟೋ ಪಟ್ಟು ಏರಿದ ಹೊತ್ತಿನಲ್ಲೇ ಅದರ ಹುಲ್ಲಿನ ಗುಣ ಇಳಿಯಿತು.

ಇಳಿಯಿತು ಎಂದದ್ದು ಸುಮ್ಮನೆ ಅಲ್ಲ. ರಾಗಿ ಹುಲ್ಲಿನ ಮೆದೆ ಇದ್ದವನ ಮನೆಗೆ ಹೆಣ್ಣು ಕೊಡಬಹುದು ಎನ್ನುವಂಥ ಹಿರಿಯರ ಮಾತಿನ ಹಿಂದೆ ಗಟ್ಟಿಯಾದ ಕಾರಣವಿದೆ. ರಾಗಿ ಹುಲ್ಲಿನ ನಾರು ಭತ್ತದ ಹುಲ್ಲಿಗಿಂತ ಚೆನ್ನಾಗಿ ಅರಗುತ್ತದೆ, ಕಾಳಿನ ಹಾಗೆ ಹುಲ್ಲಿನಲ್ಲೂ ಸುಣ್ಣದ ಅಂಶ ಹೆಚ್ಚು. ಭತ್ತದ ಗಿಡ ನೆಲದಿಂದ ಸಿಲಿಕಾವನ್ನು, ಅಂದರೆ ಮರಳಿನ ಅಂಶವನ್ನು ಹೀರಿ ತನ್ನ ಎಲೆಯ ಮೈಗೆ ಬಳಿದುಕೊಳ್ಳುತ್ತದೆ. ಭತ್ತದ ಗರಿ ಕೈಗೆ ಕೊಯ್ದಂತಾಗುವುದು ಅದರಿಂದಲೇ. ಒಣಹುಲ್ಲಿನ ತೂಕದಲ್ಲಿ ಹತ್ತನೇ ಒಂದು ಪಾಲಿಗೂ ಮೀರಿ ಸಿಲಿಕಾ ಇರಬಹುದು. ನಾರಿನ ಸಕ್ಕರೆ ಆ ಗೋಡೆಯ ಹಿಂದೆ ಉಳಿದು, ಸೂಕ್ಷ್ಮಜೀವಿಗಳ ಕೈಗೆ ಸಿಗದೆ ಸಗಣಿಯಾಗಿ ಹೊರಟುಹೋಗುತ್ತದೆ. ಬೇರೆ ಹುಲ್ಲುಗಳಲ್ಲಿ ಎಲೆ ಮೃದು, ಕಡ್ಡಿ ಗಟ್ಟಿ. ಭತ್ತದಲ್ಲಿ ಉಲ್ಟಾ, ಎಲೆಗಿಂತ ಕಡ್ಡಿಯೇ ಚೆನ್ನಾಗಿ ಅರಗುತ್ತದೆ. ಸಾಲದ್ದಕ್ಕೆ ಭತ್ತದ ಹುಲ್ಲಿನ ಆಕ್ಸಲೇಟ್ ಎಂಬ ಅಂಶ ಸುಣ್ಣವನ್ನು ಕಟ್ಟಿಹಾಕುತ್ತದೆ, ಹಾಲು ಕೊಡುವ ಹಸುವಿಗೆ ಸುಣ್ಣವೇ ಮುಖ್ಯವಾಗಿರುವಾಗ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದಶಕಗಟ್ಟಲೆ ದುಡಿದ ‘ರಾಗಿ’ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವರ ತಳಿಗಳ ಕಾಳಿನ ಇಳುವರಿಯ ಬಗ್ಗೆ ಬೇಕಾದಷ್ಟು ಮಾತಾಗಿದೆ. ಆದರೆ ಯಾವ ಹೊಸ ರಾಗಿ ತಳಿ ಬಂದರೂ ಹಳೆ ಮೈಸೂರಿನ ರೈತ ಎಕರೆಗೆ ಎಷ್ಟು ಮೂಟೆ ಎಂದು ಕೇಳಿದ ಉಸಿರಿನಲ್ಲೇ ಹುಲ್ಲು ಎಷ್ಟು ಎಂದೂ ಕೇಳುತ್ತಾನೆ.

ಭತ್ತದ ಹುಲ್ಲನ್ನು ಬಿಡುವ ಹಾಗೂ ಇಲ್ಲ, ಅದೇ ಇರುವುದು. ಅದನ್ನು ಸುಧಾರಿಸುವ ಒಂದು ಹಳೆಯ ಉಪಾಯವನ್ನು ಪಶುಪಾಲನಾ ಇಲಾಖೆಯವರು ಊರೂರಿಗೆ ಹೇಳುತ್ತಲೇ ಬಂದಿದ್ದಾರೆ. ನೂರು ಕೆಜಿ ಒಣಹುಲ್ಲಿಗೆ ನಾಲ್ಕು ಕೆಜಿ ಯೂರಿಯಾವನ್ನು ಸುಮಾರು ಐವತ್ತು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಬಿಡುವುದು. ಯೂರಿಯಾದಿಂದ ಹೊಮ್ಮುವ ಅಮೋನಿಯಾ, ನಾರನ್ನು ಲಿಗ್ನಿನ್ ಎಂಬ ಗಟ್ಟಿ ಅಂಶಕ್ಕೆ ಬಿಗಿದ ಬಂಧವನ್ನು ಸಡಿಲಿಸುತ್ತದೆ. ಹುಲ್ಲು ಮೆತ್ತಗಾಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಶೇಕಡ 3–4 ಇದ್ದ ಪ್ರೋಟೀನ್ ಅಂಶ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೆಗೆದ ತಕ್ಷಣ ಹಾಕದೆ ಸ್ವಲ್ಪ ಹೊತ್ತು ಹರವಿ ವಾಸನೆ ಹೋಗಲು ಬಿಡಬೇಕು, ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು, ಯೂರಿಯಾ ನೀರಿನ ಬಕೆಟ್ಟನ್ನು ದನ ಮೂತಿ ಹಾಕುವ ಜಾಗದಲ್ಲಿ ಇಡಲೇಬಾರದು. ಉಪಾಯ ಅಗ್ಗ, ಫಲವೂ ನಿಜ. ಆದರೂ ಇದನ್ನು ಬಿಡದೆ ಮಾಡುವ ಮನೆಗಳು ಕಡಿಮೆ. ಹುಲ್ಲು ತುಳಿಯಲು ಮನೆಯಲ್ಲಿ ಜನ ಬೇಕು, ಅದಕ್ಕೇ ಈಗ ಬರ.

ಸಕ್ಕರೆ ನಾಡಿನ ದನಕ್ಕೆ ಸಕ್ಕರೆಯೇ ಸಾಕಾಗಬೇಕಿತ್ತಲ್ಲ ಎಂದು ಕೇಳಬಹುದು. ಕಬ್ಬು ಕಡಿಯುವ ದಿನಗಳಲ್ಲಿ ಗದ್ದೆಯಲ್ಲಿ ಹಸಿ ಸೋಗೆ ರಾಶಿ ಬೀಳುತ್ತದೆ. ಕಡಿಯುವವರು, ಅಕ್ಕಪಕ್ಕದವರು ಸೈಕಲ್ಲು, ಟಿವಿಎಸ್ಸುಗಳ ಮೇಲೆ ಹೊರೆ ಕಟ್ಟಿ ಒಯ್ಯುತ್ತಾರೆ. ಅದರಲ್ಲಿ ಒಂದಿಷ್ಟು ಸಿಹಿ ಇರುತ್ತದೆ, ದನ ಆಸೆಪಟ್ಟು ತಿನ್ನುತ್ತದೆ. ಆದರೆ ಪ್ರೋಟೀನ್ ಕಡಿಮೆ, ರಂಜಕ ಇನ್ನೂ ಕಡಿಮೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯ ಕಥೆಯೂ ಹೀಗೇ. ಅದರ ಅರ್ಧದಷ್ಟು ತೂಕ ಸಕ್ಕರೆಯೇ, ಆದರೆ ಅದೊಂದನ್ನೇ ನೆಕ್ಕಿ ಬದುಕಲಾಗದು. ಸೂಕ್ಷ್ಮಜೀವಿಗಳಿಗೆ ಸಕ್ಕರೆಯ ಜೊತೆ ಸಾರಜನಕವೂ ಬೇಕೆಂಬುದನ್ನು ಅರಿತೇ ಕಾಕಂಬಿ, ಯೂರಿಯಾ, ಖನಿಜಗಳನ್ನು ಬೆರೆಸಿ ಇಟ್ಟಿಗೆಯಂತೆ ಗಟ್ಟಿ ಮಾಡಿದ ನೆಕ್ಕುವ ಬಿಲ್ಲೆಗಳನ್ನು ಗುಜರಾತಿನ ಆನಂದ್‌ನಲ್ಲಿರುವ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಪ್ರಚಾರಕ್ಕೆ ತಂದಿತು. ಬಿಲ್ಲೆ ಗಟ್ಟಿ ಇರಬೇಕಾದ್ದು ಯಾಕೆಂದರೆ ದನ ಅದನ್ನು ಕಚ್ಚಿ ತಿನ್ನದೆ ನಿಧಾನವಾಗಿ ನೆಕ್ಕುತ್ತಿರಬೇಕು.

ಬೆಲ್ಲದ ವಿಷಯದಲ್ಲಂತೂ ಈ ನಾಡಿನ ಪ್ರೀತಿ ಕೆಲವೊಮ್ಮೆ ಎಡವುತ್ತದೆ. ಹುಟ್ಟಿದ ಕರುವಿಗೆ ಶಕ್ತಿ ಬರಲಿ ಎಂದು ಬೆಲ್ಲದ ನೀರು ಕುಡಿಸುವವರಿದ್ದಾರೆ. ಎಳೆಗರು ಇನ್ನೂ ಮೆಲುಕು ಹಾಕುವ ಪ್ರಾಣಿಯಲ್ಲ. ಅದು ಕುಡಿದ ಹಾಲು ಮೊದಲ ಹೊಟ್ಟೆಯನ್ನು ಬಳಸಿಕೊಂಡು, ಒಂದು ಕಾಲುವೆಯ ಹಾದಿಯಲ್ಲಿ ನೇರ ನಾಲ್ಕನೆಯದಕ್ಕೆ ಹೋಗುತ್ತದೆ. ಹಾಲಿನ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಅದಕ್ಕಿದೆ. ಕಬ್ಬಿನ ಸಕ್ಕರೆಯನ್ನು ಒಡೆಯುವ ಕಿಣ್ವ ಇಲ್ಲ. ಅರಗದ ಬೆಲ್ಲ ಕರುಳಿಗಿಳಿದು ನೀರನ್ನು ಎಳೆದುಕೊಂಡು ಭೇದಿಯಾಗುತ್ತದೆ. ಎಳೆಗರುವಿಗೆ ಗಿಣ್ಣುಹಾಲಿಗಿಂತ ಮಿಗಿಲಾದ ಔಷಧ ಇಲ್ಲ. ಎರಡನೇ ವಾರದಿಂದ ಚಿಟಿಕೆ ಚಿಟಿಕೆಯಾಗಿ ಕರುವಿನ ತಿಂಡಿ, ಅಂದರೆ ನುಚ್ಚಿದ ಜೋಳ, ಹಿಂಡಿಯ ಮಿಶ್ರಣ ರುಚಿ ತೋರಿಸಿದರೆ, ಅದರ ಪಿಷ್ಟದಿಂದ ಹುಟ್ಟುವ ಬ್ಯುಟಿರಿಕ್ ಆಮ್ಲವೇ ಮೊದಲ ಹೊಟ್ಟೆಯ ಟವೆಲ್ ಎಳೆಗಳನ್ನು ಬೆಳೆಸುತ್ತದೆ. ಬರೀ ಹುಲ್ಲು ಹೊಟ್ಟೆಯನ್ನು ಹಿಗ್ಗಿಸುತ್ತದೆ, ಎಳೆಗಳನ್ನು ಅಷ್ಟಾಗಿ ಬೆಳೆಸುವುದಿಲ್ಲ.

ಕರು ಹಾಕಿದ ತಾಯಿಗೆ ಬೆಲ್ಲ ಹಾಕಿದ ಗಂಜಿ ಕೊಡುವುದು ಇನ್ನೊಂದು ರೂಢಿ. ಬಾಯಿಗೆ ರುಚಿ, ಬಳಲಿದ ಹಸು ನೀರು ಕುಡಿಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಈದ ಮೊದಲ ವಾರಗಳಲ್ಲಿ ಹಾಲು ಏರಿ, ಹಸಿವು ಅದಕ್ಕೆ ಸಮನಾಗಿ ಏರದೆ, ಗ್ಲೂಕೋಸ್ ಕೊರತೆ ಬಿದ್ದು ಹಸು ಸೊರಗುವ ಕೀಟೋಸಿಸ್ ಎಂಬ ತೊಂದರೆಗೆ ಬೆಲ್ಲ ಮದ್ದಾಗುತ್ತದೆ ಎಂದುಕೊಂಡರೆ ತಪ್ಪು. ಬೆಲ್ಲವನ್ನು ಮೊದಲು ತಿನ್ನುವವರು ಸೂಕ್ಷ್ಮಜೀವಿಗಳು. ಅವು ಅದರಿಂದ ಹೆಚ್ಚಾಗಿ ಬ್ಯುಟಿರಿಕ್ ಆಮ್ಲ ಮಾಡುತ್ತವೆ, ಅದು ಈ ತೊಂದರೆಯಲ್ಲಿ ರಕ್ತದಲ್ಲಿ ಏರುವ ಕೀಟೋನ್ ಎಂಬ ಅಂಶವನ್ನೇ ಇನ್ನೂ ಹೆಚ್ಚಿಸುತ್ತದೆ. ವೈದ್ಯರು ಗ್ಲೂಕೋಸನ್ನು ನೇರ ರಕ್ತನಾಳಕ್ಕೆ ಹಾಕುವುದೂ, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸುವುದೂ ಆ ಸೂಕ್ಷ್ಮಜೀವಿಗಳ ಕಣ್ಣು ತಪ್ಪಿಸಿ ಪಿತ್ತಜನಕಾಂಗವನ್ನು ತಲುಪುವುದಕ್ಕೆ.

ಕುರಿಯ ಹೊಟ್ಟೆಯ ಲೆಕ್ಕವೂ ಹಸುವಿನದೇ. ಮಳವಳ್ಳಿ ತಾಲ್ಲೂಕಿನ ಬಂಡೂರು ಒಂದು ಕುರಿತಳಿಗೇ ಹೆಸರು ಕೊಟ್ಟ ಊರು. ಗಿಡ್ಡ ಕಾಲು, ಗುಂಡು ಮೈ, ಬಾಯಲ್ಲಿ ಕರಗುವ ಮಾಂಸ. ಅದೇ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಯ ಸಂವರ್ಧನೆಗೆ ಸರ್ಕಾರದ ಕೇಂದ್ರವೂ ಇದೆ. ಕರಗುವ ಆ ಕೊಬ್ಬು ಕೂಡ ಬಹುಮಟ್ಟಿಗೆ ಹುಲ್ಲಿನಿಂದ ಬಂದ ಅಸಿಟಿಕ್ ಆಮ್ಲವೇ. ಮನುಷ್ಯನ ದೇಹ ಗ್ಲೂಕೋಸಿನಿಂದ ಕೊಬ್ಬು ಕಟ್ಟಿದರೆ, ಮೆಲುಕು ಹಾಕುವ ಪ್ರಾಣಿ ಅಮೂಲ್ಯವಾದ ಗ್ಲೂಕೋಸನ್ನು ಅದಕ್ಕೆ ಖರ್ಚು ಮಾಡುವುದಿಲ್ಲ.

ಕೋಳಿಯ ಕಥೆ ಬೇರೆ. ಅದಕ್ಕೆ ಹುಲ್ಲಿನ ಹಂಗಿಲ್ಲ, ಬೇಕಾದ್ದು ಪಿಷ್ಟ. ಕೋಳಿ ಆಹಾರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮುಸುಕಿನ ಜೋಳ. ಹಾವೇರಿ, ದಾವಣಗೆರೆಯ ಜೋಳದ ಮೇಲೆ ಈಗ ಎಥೆನಾಲ್ ಕಾರ್ಖಾನೆಗಳಿಗೂ ಕಣ್ಣು. ಪಿಷ್ಟ ಹುಳಿತು ಪೆಟ್ರೋಲಿಗೆ ಬೆರೆಯುತ್ತದೆ, ಪಿಷ್ಟ ತೆಗೆದು ಉಳಿದ ಗಸಿ ಒಣಗಿ ಪಶು ಆಹಾರದ ಚೀಲ ಸೇರುತ್ತದೆ.

ಮತ್ತೆ ದನದ ಮೇವಿಗೆ ಬಂದರೆ, ಹುಲ್ಲು ಹಸಿಯಾಗಿರುವಾಗಲೇ ಅದರ ಸಕ್ಕರೆಯನ್ನು ಉಳಿಸಿಕೊಳ್ಳುವ ವಿದ್ಯೆ ರಸಮೇವು. ಜೋಳದ ಕಾಳು ಹಾಲುಗಟ್ಟಿ ಗಟ್ಟಿಯಾಗುತ್ತಿರುವ ಹೊತ್ತಿಗೆ ಕಡ್ಡಿ ಸಮೇತ ಕೊಯ್ದು ಕತ್ತರಿಸಿ, ಗುಂಡಿಯಲ್ಲೋ ಚೀಲದಲ್ಲೋ ಗಾಳಿ ಉಳಿಯದಂತೆ ಒತ್ತಿ ಮುಚ್ಚಿದರೆ ಒಂದೂವರೆ ತಿಂಗಳಲ್ಲಿ ಸಿದ್ಧ. ಒಳಗಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಗಾಳಿಯಿಲ್ಲದ ಆ ಹುಳಿಯಲ್ಲಿ ಬೂಸ್ಟು ಬೆಳೆಯುವುದಿಲ್ಲ. ಉಪ್ಪಿನಕಾಯಿ ಕೆಡದಿರುವಂತೆ ಮೇವೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಮೇವಿಗೆ ಹುಳಿ ಬೆರೆಸಿ ಕಾಪಾಡುವ ಕ್ರಮವನ್ನು ಕಂಡುಹಿಡಿದ ಫಿನ್ಲೆಂಡಿನ ವಿರ್ಟಾನೆನ್ ಅವರಿಗೆ 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ದನದ ಮೇವಿಗೆ ನೊಬೆಲ್ಲೇ ಎಂದು ಹುಬ್ಬೇರಿಸುವವರು ಆರು ತಿಂಗಳು ಹಿಮ ಬೀಳುವ ದೇಶದಲ್ಲಿ ಹಸು ಸಾಕಿ ನೋಡಬೇಕು.

ಹುಳಿಯುವ ಹೊಟ್ಟೆಯಲ್ಲಿ ಸೋರಿಕೆಯೂ ಇದೆ. ತಿಂದ ಶಕ್ತಿಯಲ್ಲಿ ಶೇಕಡ 2ರಿಂದ 12ರವರೆಗೆ ಮೀಥೇನ್ ಅನಿಲವಾಗಿ ತೇಗಿನಲ್ಲಿ ಹೋಗುತ್ತದೆ, ನಾರು ಒರಟಾದಷ್ಟೂ ಸೋರಿಕೆ ಹೆಚ್ಚು. ಇದನ್ನು ತಗ್ಗಿಸುವ ಕೆಲಸ ಬೆಂಗಳೂರಿನ ಆಡುಗೋಡಿಯಲ್ಲಿ, 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಒಗರು ಅಂಶವಿರುವ ಸಸ್ಯಗಳಿಂದ ಅವರು ರೂಪಿಸಿದ ‘ಹರಿತ್ ಧಾರಾ’ ಎಂಬ ಪುಡಿ ಮೀಥೇನನ್ನು ಶೇಕಡ 17ರಿಂದ 20ರಷ್ಟು ತಗ್ಗಿಸುತ್ತದೆ ಎಂದು ಸಂಸ್ಥೆ ಹೇಳಿದೆ. ಆಡುಗೋಡಿಗೆ ಹಸುವಿನ ನಂಟು ಹೊಸದಲ್ಲ. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಗಾಂಧೀಜಿ ಅಲ್ಲಿದ್ದ ಇಂಪೀರಿಯಲ್ ಡೈರಿಗೆ ಹೋಗಿ ಹಸು ಸಾಕಣೆಯ ಪಾಠ ಕಲಿತಿದ್ದರು.

ಇನ್ನು ಬೀಗರೂಟದ ಅನ್ನಕ್ಕೆ ಮರಳಬಹುದು. ಬೇಯಿಸಿದ ಅನ್ನದ ಪಿಷ್ಟಕ್ಕೆ ಸಿಲಿಕಾದ ಗೋಡೆಯೂ ಇಲ್ಲ, ಗಟ್ಟಿ ಗಂಟೂ ಇಲ್ಲ. ಅದು ಒಮ್ಮೆಲೇ ಹೊಟ್ಟೆಗೆ ಬಿದ್ದಾಗ, ಅದುವರೆಗೆ ಮೂಲೆಯಲ್ಲಿದ್ದ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತ ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತವೆ. ಆರರಿಂದ ಏಳರ ನಡುವೆ ಇರಬೇಕಾದ ಪಿಎಚ್ ಐದಕ್ಕಿಂತ ಕೆಳಗಿಳಿಯುತ್ತದೆ. ನಾರು ಅರಗಿಸುವ ಹಳೆಯ ಆಳುಗಳು ಸಾಯುತ್ತವೆ. ಹುಳಿಯಿಂದ ಮಂದವಾದ ರಸ ದೇಹದ ನೀರನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ, ಹಸುವಿನ ಕಣ್ಣು ಗುಳಿ ಬೀಳುತ್ತದೆ. ರಸಮೇವಿನ ಗುಂಡಿಯಲ್ಲಿ ಕಾಪಾಡಿದ ಆಮ್ಲವೇ ಇಲ್ಲಿ ಕೊಲ್ಲುವುದು. ಸಂಕ್ರಾಂತಿಯಲ್ಲಿ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವ ಮುನ್ನ ದನಕ್ಕೆ ಹುಗ್ಗಿ ತಿನ್ನಿಸುವಾಗಲೂ ಹಿರಿಯರು ಒಂದು ತುತ್ತೇ ಕೊಡುತ್ತಿದ್ದರು, ಹಂಡೆ ಇಡುತ್ತಿರಲಿಲ್ಲ.

ಬೇಗ ಕರೆಸಿದರೆ ವೈದ್ಯರು ಅಡುಗೆ ಸೋಡಾ ಕುಡಿಸಿ, ರಕ್ತನಾಳಕ್ಕೆ ದ್ರವ ಹಾಕಿ, ಕಾಳು ಹಿಂಡಿ ಪೂರ್ತಿ ನಿಲ್ಲಿಸಿ ಹುಲ್ಲು ಮಾತ್ರ ಹಾಕಿಸುತ್ತಾರೆ. ಕೆಲವೊಮ್ಮೆ ಆರೋಗ್ಯವಂತ ದನದ ಮೊದಲ ಹೊಟ್ಟೆಯ ರಸವನ್ನೇ ತಂದು ಕುಡಿಸುತ್ತಾರೆ, ಹೆಪ್ಪು ಹಾಕಿದ ಹಾಗೆ. ಕೈಮೀರಿದ್ದರೆ ಎಡಪಕ್ಕೆ ಕೊಯ್ದು ಅನ್ನವನ್ನು ಹೊರತೆಗೆಯಬೇಕಾಗುತ್ತದೆ. ಉಳಿದ ಹಸು ಮೂರನೆಯ ದಿನವೋ ನಾಲ್ಕನೆಯ ದಿನವೋ ಮೊದಲ ಮೆಲುಕು ಹಾಕುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಹಾಲು ಮೊದಲಿನ ಮಟ್ಟಕ್ಕೆ ಬರಲು ವಾರಗಳು ಹಿಡಿಯಬಹುದು. ಆ ರಾತ್ರಿ ಗೊರಸಿನ ಬುಡಕ್ಕೆ ಹರಿಯುವ ರಕ್ತವೂ ಕೆಟ್ಟಿರುತ್ತದೆ. ಕೆಲವು ತಿಂಗಳಾದ ಮೇಲೆ ಗೊರಸಿನ ಮೇಲೆ ಅಡ್ಡಲಾಗಿ ಒಂದು ತಗ್ಗು ಗೆರೆ ಕಾಣಿಸಿಕೊಳ್ಳುತ್ತದೆ. ಗೊರಸು ತಿಂಗಳಿಗೆ ಅರ್ಧ ಸೆಂಟಿಮೀಟರಿನಷ್ಟು ಬೆಳೆಯುವುದರಿಂದ, ಗೆರೆ ಬುಡದಿಂದ ಎಷ್ಟು ಕೆಳಗಿಳಿದಿದೆ ಎಂದು ಅಳೆದರೆ ಮದುವೆ ಯಾವ ತಿಂಗಳಲ್ಲಿ ಆಯಿತೆಂದು ಹೇಳಿಬಿಡಬಹುದು.